ಒಂದೇ ಅಚ್ಚಿನ ಮೂರು ಅಡ್ಡಿಗೆ

ಹಲಸೂರು, ಬೆಂಗಳೂರು
೧೦ ಜನವರಿ ೧೯೬೫

ಅಕ್ಕಾ,

ಭಾವನವರಿಗೂ ನಿಮ್ಮ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ನಳಿನಿಗೆ ಕೆನ್ನೆಗೊಂದರಂತೆ ಎರಡು ಮುತ್ತು. ಮರ್ಯಾದೆಯ ಮಾತು ಮುಗಿಯಿತು, ಇನ್ನು ಜಗಳಕ್ಕೆ ಬರುತ್ತೇನೆ.

ಮದುವೆ ಗೊತ್ತಾಗಿದೆ. ಮೇ ಒಂಬತ್ತು, ಭಾನುವಾರ, ನಮ್ಮ ದೇವಸ್ಥಾನದ ಬೀದಿಯ ಛತ್ರದಲ್ಲೇ. ಹುಡುಗನ ಹೆಸರು ಹಯಗ್ರೀವ, ಟೆಲಿಫೋನ್ ಫ್ಯಾಕ್ಟರಿಯಲ್ಲಿ ಕೆಲಸ, ದೂರವಾಣಿನಗರದಲ್ಲಿ ಕ್ವಾರ್ಟರ್ಸ್. ಅವರ ಕಡೆಯಿಂದ ಏನೂ ಕೇಳಲಿಲ್ಲ. ಹೊರಡುವಾಗ ಮಾತ್ರ ಅವರ ತಾಯಿ ಬಾಗಿಲಲ್ಲಿ ನಿಂತು, "ಹುಡುಗಿಗೆ ನೀವೇನ್ ಹಾಕಿದ್ರೂ ಅದು ನಿಮ್ಮನೆ ಮರ್ಯಾದೆ" ಎಂದರು. ಆ ಒಂದು ಮಾತು ಸಾಕಾಯಿತು. ಆವತ್ತಿನಿಂದ ಅಮ್ಮನಿಗೆ ನಿದ್ದೆಯಿಲ್ಲ.

ಮನೆಯಲ್ಲಿ ಏನಿದೆ ಎಂದು ನಿನಗೇ ಗೊತ್ತು. ಅಮ್ಮನ ಬಳೆಗಳು ಚೀನಾ ಯುದ್ಧದ ನಿಧಿಗೆ ಹೋದವು. ಅಜ್ಜಿ ಕತ್ತಿಗೆ ಹಾಕುತ್ತಿದ್ದ ಅಡ್ಡಿಗೆ, ಕಾಸಿನ ಸರ, ವಂಕಿ ನಿನ್ನ ಮದುವೆಯಲ್ಲಿ ನಿನ್ನ ಜೊತೆ ದಾವಣಗೆರೆಗೆ ಬಂದವು. ಅಣ್ಣ ಪ್ರಾವಿಡೆಂಟ್ ಫಂಡಿಗೆ ಕೈ ಹಾಕುತ್ತೇನೆಂದರು. ಹಾಗೇನಾದರೂ ಮಾಡಿದರೆ ನಾನು ಆಫೀಸಿನಿಂದ ಮನೆಗೇ ಬರುವುದಿಲ್ಲ ಎಂದೆ. ಆಗ ಅಮ್ಮ ಕಂಡುಹಿಡಿದ ಉಪಾಯವೆಂದರೆ, ನೀನು ನಿನ್ನ ಒಡವೆಗಳನ್ನೆಲ್ಲ ತರುವುದು, ಮುಹೂರ್ತಕ್ಕೆ ನಾನು ಹಾಕಿಕೊಳ್ಳುವುದು, ಊಟದ ಹೊತ್ತಿಗೆ ಬಿಚ್ಚಿ ನಿನಗೆ ವಾಪಸು ಕೊಡುವುದು. ಇದನ್ನು ನಿನಗೆ ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ. ಈಗ ನನ್ನ ಮಾತು ಕೇಳು.

ನಾನು ಎರವಲು ಒಡವೆ ಹಾಕಿಕೊಂಡು ಹಸೆಮಣೆಯ ಮೇಲೆ ಕೂರುವುದಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಚಾಂದ್ ಪಾಷಾ ಎಂಬವರ ರೋಲ್ಡ್‌ಗೋಲ್ಡ್ ಅಂಗಡಿಯಿದೆ. ನನ್ನ ಸಂಬಳದಲ್ಲಿ ಉಳಿಸಿದ್ದರಲ್ಲೇ ನನಗೂ, ಕಳಸ ಹಿಡಿದು ನನ್ನ ಹಿಂದೆ ನಿಲ್ಲುವ ಹುಡುಗಿಗೂ ಅಲ್ಲೇ ಕೊಳ್ಳುತ್ತೇನೆ. ಯಾರಾದರೂ ಕೇಳಿದರೆ ರೋಲ್ಡ್‌ಗೋಲ್ಡ್ ಎಂದೇ ಹೇಳುತ್ತೇನೆ, ದನಿ ತಗ್ಗಿಸದೆ.

ಕಳಸಗಿತ್ತಿ ನಮ್ಮ ನಳಿನಿಯೇ ಆಗಬೇಕು. ಒಂಬತ್ತು ವರ್ಷ, ಸರಿಯಾದ ವಯಸ್ಸು. ನೀನು ನನ್ನ ಪರವಾಗಿ ಅಮ್ಮನಿಗೆ ಒಂದು ಸಾಲು ಬರೆ, ಮಗಳನ್ನು ಕರೆದುಕೊಂಡು ಬಾ. ನೀವಿಬ್ಬರೂ ಬರದಿದ್ದರೆ ನಾನು ಮಣೆ ಹತ್ತುವುದಿಲ್ಲ. ಇದು ಹುಡುಗಾಟದ ಮಾತಲ್ಲ.

ವೇದಾ


ದಾವಣಗೆರೆ
೨೪ ಜನವರಿ ೧೯೬೫

ಚಿ. ವೇದಾಗೆ ಅನಸೂಯ ಮಾಡುವ ಆಶೀರ್ವಾದಗಳು.

ನಾವೆಲ್ಲ ಆರೋಗ್ಯವಾಗಿದ್ದೇವೆ. ಮದುವೆ ನಿಶ್ಚಯವಾದದ್ದು ತಿಳಿದು ಅತ್ತೆಯವರಿಗೂ ನಿನ್ನ ಭಾವನವರಿಗೂ ಬಹಳ ಸಂತೋಷವಾಯಿತು.

ಗಿಲೀಟಿನ ಒಡವೆಯ ಯೋಚನೆ ನನಗೆ ಸರಿಕಾಣಲಿಲ್ಲ. ಮದುವೆಯೆಂದರೆ ಆಫೀಸಿನ ನಾಟಕವಲ್ಲ. ನಾಲ್ಕು ಜನ ಹತ್ತಿರದಿಂದ ನೋಡುತ್ತಾರೆ, ಕೈಯಲ್ಲಿ ಹಿಡಿದು ತೂಗುತ್ತಾರೆ. ನಮ್ಮ ಮನೆಯ ಹೆಸರಿಗೆ ಅದು ಒಪ್ಪುವುದಿಲ್ಲ. ನನಗೆ ಹೆಚ್ಚು ಕೊಟ್ಟರು, ನಿನಗೆ ಉಳಿಯಲಿಲ್ಲ ಎಂಬ ಕೋಪ ನಿನ್ನ ಹಟದ ಒಳಗೆ ಇದ್ದರೆ ಅದನ್ನು ಬಿಟ್ಟುಬಿಡು. ಆಗ ನಾನು ಕೇಳಿ ಪಡೆದದ್ದಲ್ಲ.

ನನ್ನ ಒಡವೆ ತರಬಹುದಿತ್ತು. ಆದರೆ ರೈಲಿನಲ್ಲಿ ಚಿನ್ನ ಹೊತ್ತು ಬರುವುದು ಕ್ಷೇಮವಲ್ಲ ಎಂದು ಅತ್ತೆಯವರ ಅಭಿಪ್ರಾಯ. ಕಾಸಿನ ಸರ, ವಂಕಿ ಬ್ಯಾಂಕಿನಲ್ಲಿವೆ. ನಳಿನಿಗೆ ಆಗತಾನೇ ಪರೀಕ್ಷೆ ಮುಗಿದು ದಣಿವಾಗಿರುತ್ತದೆ. ಬರುವುದನ್ನು ಆಮೇಲೆ ನೋಡೋಣ.

ಒಡವೆ ತೊಳೆಯುವ ಶಾಸ್ತ್ರವನ್ನು ಅಮ್ಮ ಈ ಸಲವೂ ಇಟ್ಟುಕೊಂಡಿದ್ದಾಳೆಯೇ? ತಿಳಿಸು.

ಅನಸೂಯ


ಹಲಸೂರು
೭ ಫೆಬ್ರವರಿ ೧೯೬೫

ಅಕ್ಕಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ನೀನು ಎಲ್ಲಿದ್ದೀಯಾ ಎಂದು ಹುಡುಕುತ್ತಾ ಇದ್ದೆ. "ಅಭಿಪ್ರಾಯ" ಎಂಬ ಪದ ನೀನು ಯಾವತ್ತು ಬಳಸಿದವಳು? ನನಗೆ ಕೋಪವಿದೆ, ನಿಜ. ಆದರೆ ಅಜ್ಜಿಯ ಅಡ್ಡಿಗೆಗಾಗಿ ಅಲ್ಲ. ನೀನು ಬರುವುದನ್ನು "ಆಮೇಲೆ ನೋಡೋಣ" ಎಂದೆಯಲ್ಲ, ಅದಕ್ಕೆ.

ಒಡವೆ ತೊಳೆಯುವ ಶಾಸ್ತ್ರ ಇದ್ದೇ ಇದೆ. ಮದುವೆಯ ಹಿಂದಿನ ದಿನ ಅಂಟುವಾಳದ ಕಾಯಿ ನೆನೆಸಿ, ಬಂದ ಹೆಂಗಸರೆಲ್ಲ ಮೈಮೇಲಿನದನ್ನು ಬಿಚ್ಚಿ ಒಂದೇ ತಟ್ಟೆಗೆ ಹಾಕಿ, ಸೋದರತ್ತೆ ಬ್ರಷ್ ಹಿಡಿದು ಒಂದೊಂದನ್ನೂ ಉಜ್ಜಿ, ಇದು ಯಾರದು, ಎಷ್ಟು ತೂಕ ಎಂದು ಪುರಾಣ ಹೇಳದಿದ್ದರೆ ನಮ್ಮ ಮನೆಯಲ್ಲಿ ಮದುವೆ ಆಗುತ್ತದೆಯೇ?

ಮೊನ್ನೆ ಆಫೀಸಿನಿಂದ ಊಟದ ಹೊತ್ತಿನಲ್ಲಿ ಶಿವಾಜಿನಗರಕ್ಕೆ ಹೋದೆ. ಚಾಂದ್ ಪಾಷಾ ಅಂಗಡಿ ನಮ್ಮ ಅಡಿಗೆಮನೆಯಷ್ಟು. ಅವರು ಮುಂದೆ ಕೂರುತ್ತಾರೆ. ಹೆಂಡತಿ ಉಮ್ಮೆ ಕುಲ್ಸುಂ ಪರದೆಯ ಹಿಂದೆ ಕೂತು ಕಲ್ಲು ಕೂರಿಸುತ್ತಾರೆ, ಹೆಣ್ಣುಮಕ್ಕಳಿಗೆ ಹಾಕಿ ತೋರಿಸುವವರೂ ಅವರೇ. ನಾನು ಬಿಳಿ ಕಲ್ಲಿನ ಜುಮಕಿ ಹಿಡಿದರೆ ಕಸಿದುಕೊಂಡರು.

"ಬಿಳೀದು ಬೇಡ ಬೇಟಿ, ವರ್ಷದಲ್ಲಿ ಕಪ್ಪಾಗ್ತದೆ. ಕೆಂಪು ತಗೋ. ಮತ್ತೆ ಕೇಳು, ಎಲ್ರೂ ಮುಂದಿನ್ ಕಡೆ ನೋಡಿ ತಗೋತಾರೆ. ನೀನು ಹಿಂದಿನ್ ಕಡೆ ನೋಡು. ಬೆವರು ತಾಗೋದು ಅಲ್ಲಿ. ಅಲ್ಲಿ ಚಿನ್ನದ ತಗಡು ದಪ್ಪ ಹಾಕಿಸ್ಕೋ, ಜನಕ್ಕೆ ಕಾಣೋ ಕಡೆ ತೆಳ್ಳಗಿದ್ರೂ ನಡೀತದೆ."

ಸರ್ಕಾರ ಹೊಸ ಒಡವೆಗೆ ಹದಿನಾಲ್ಕು ಕ್ಯಾರೆಟ್ಟಿನ ಕಟ್ಟು ಹಾಕಿದ ಮೇಲೆ ಅವರಿಗೆ ಕೈತುಂಬ ಕೆಲಸವಂತೆ. ಕಾರಿನಲ್ಲಿ ಬರುವವರೂ ಇದ್ದಾರೆ, ಗಲ್ಲಿಯ ಆಚೆ ಕಾರು ನಿಲ್ಲಿಸಿ ತಲೆಗೆ ಸೆರಗು ಹೊದ್ದು ಬರುತ್ತಾರೆ ಎಂದು ನಕ್ಕರು. ನಾನು ಸೆರಗು ಹೊದೆಯದೆ ಜುಮಕಿ, ಬೈತಲೆ ಬೊಟ್ಟು, ಎರಡು ಜೊತೆ ಬಳೆ ಆರಿಸಿದೆ. ನಳಿನಿಗೆ ಹಗುರಾದ ಜುಮಕಿ, ಒಂದು ಪುಟ್ಟ ಜಡೆಬಿಲ್ಲೆ.

ಆಮೇಲೆ ಅಡ್ಡಿಗೆ. ಅವರು ಮಾಡಿದ ಪ್ರತಿ ನಮೂನೆಯ ಅಚ್ಚನ್ನೂ ಬಿಸ್ಕತ್ ಡಬ್ಬಿಗಳಲ್ಲಿ ಇಟ್ಟಿರುತ್ತಾರೆ. ಒಂದು ಡಬ್ಬಿಯಲ್ಲಿ ಮಾವಿನಕಾಯಿ ಸಾಲಿನ ಅಡ್ಡಿಗೆಯ ಅಚ್ಚು ಸಿಕ್ಕಿತು. ನಾಲ್ಕನೆಯ ಮಾವಿನಕಾಯಿ ಮಾತ್ರ ಉಳಿದವಕ್ಕಿಂತ ಸಣ್ಣದು, ತುದಿ ಬಲಕ್ಕೆ ತಿರುಗಿದೆ. ಅಕ್ಕಾ, ಅಜ್ಜಿಯ ಅಡ್ಡಿಗೆಯಲ್ಲಿ ಒಂದು ಕಳೆದುಹೋಗಿ ಹೊಸದು ಕಟ್ಟಿಸಿದಾಗ ಹಾಗೆಯೇ ಆಗಿತ್ತಲ್ಲವೇ? ಇದು ಎಲ್ಲಿಯದು ಎಂದು ಕೇಳಿದೆ.

"ಮೂರು ವರ್ಷದ ಹಿಂದೆ ಒಬ್ಬಾಕೆ ಅಸಲಿ ತಂದಿದ್ಲು. ಹಾಗೇ ಇನ್ನೊಂದು ಮಾಡ್ಕೊಡಿ ಅಂದ್ಲು. ಎರಡು ದಿನ ಇಲ್ಲೇ ಕೂತಿದ್ಲು, ಅಸಲೀನ ಕಣ್ಮುಂದಿಂದ ಬಿಡ್ಲಿಲ್ಲ. ಹೆಸರು ಕೇಳ್ಬೇಡ. ನಾವು ಒಬ್ರ ಹೆಸರು ಇನ್ನೊಬ್ರಿಗೆ ಹೇಳಲ್ಲ."

ನಾನು ಹೆಸರು ಕೇಳಲಿಲ್ಲ. ಅದೇ ಅಚ್ಚಿನಲ್ಲಿ ನನಗೊಂದು ಮಾಡಿಕೊಡಿ ಎಂದು ಹೇಳಿ ಬಂದೆ.

ಹಯಗ್ರೀವರಿಗೂ ಹೇಳಿಯಾಯಿತು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಸಿಕ್ಕಿದ್ದರು. "ನಿಮ್ ತಾಯಿಗೆ ನೀವ್ ಹೇಳ್ತೀರೋ, ನಾನ್ ಹೇಳ್ಲೋ?" ಎಂದೆ. ಅವರು ಕೈ ಎತ್ತಿ ಗಡಿಯಾರ ತೋರಿಸಿದರು. "ಈ ಚೈನೂ ರೋಲ್ಡ್‌ಗೋಲ್ಡೇ ಕಣ್ರೀ. ಟೈಮ್ ಏನ್ ತಪ್ಪು ತೋರಿಸ್ತಾ ಇದ್ಯಾ? ನಾನೇ ಹೇಳ್ತೀನಿ ಬಿಡಿ."

ನೀನು ಬರುವ ದಿನ ತಿಳಿಸು. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ.

ವೇದಾ


ಹಲಸೂರು
೨೧ ಮಾರ್ಚ್ ೧೯೬೫

ಅಕ್ಕಾ,

ಆರು ವಾರವಾಯಿತು. ಒಂದು ಕಾರ್ಡೂ ಇಲ್ಲ. ಭಾವನವರು ಅಣ್ಣನಿಗೆ ಬರೆದ ಪತ್ರದಲ್ಲಿ ಎಲ್ಲ ವಿಷಯವೂ ಇದೆ, ಮಿಲ್ಲಿನ ಬೋನಸ್ಸಿನ ತನಕ. ನಿನ್ನ ಹೆಸರು ಮಾತ್ರ ಇಲ್ಲ.

ನಾನು ಬರೆದದ್ದು ನಿನಗೆ ಚುಚ್ಚಿತು ಎಂದು ಕಾಣುತ್ತದೆ. ಚುಚ್ಚಲಿ ಎಂದು ಬರೆದದ್ದಲ್ಲ. ನೀನೇ ಬಾಯಿಬಿಟ್ಟು ಹೇಳಲಿ ಎಂದು ಬಾಗಿಲು ತೆರೆದಿಟ್ಟೆ. ನೀನು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರೆ ನಾನೇನು ಮಾಡಲಿ? ನನ್ನನ್ನು ಬೈದು ಬರೆ. ಚಿಕ್ಕವಳಿದ್ದಾಗ ಜಡೆ ಹಿಡಿದು ಎಳೆಯುತ್ತಿದ್ದೆಯಲ್ಲ, ಹಾಗೆ ಎಳೆ. ಸುಮ್ಮನಿರಬೇಡ, ನನಗೆ ತಡೆಯಲಾಗುವುದಿಲ್ಲ.

ನಳಿನಿಯ ಬದಲು ಪಕ್ಕದ ಮನೆಯ ಹುಡುಗಿಯನ್ನು ಕಳಸಕ್ಕೆ ನಿಲ್ಲಿಸೋಣ ಎಂದು ಅಮ್ಮ ಹೇಳುತ್ತಿದ್ದಾಳೆ. ಆಗುವುದಿಲ್ಲ ಎಂದಿದ್ದೇನೆ. ನನ್ನ ಹಿಂದೆ ನಿಲ್ಲುವವಳು ನಿನ್ನ ಮಗಳೇ.

ವೇದಾ


ದಾವಣಗೆರೆ
೧೯ ಏಪ್ರಿಲ್ ೧೯೬೫

ವೇದೂ,

ಇದನ್ನು ನಮ್ಮ ಬೀದಿಯ ಆಬಿದಾ ಟೀಚರ್ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವರೇ ಡಬ್ಬಕ್ಕೆ ಹಾಕುತ್ತಾರೆ. ಉತ್ತರವನ್ನು ಲಕೋಟೆಯ ಹಿಂದೆ ಬರೆದಿರುವ ಶಾಲೆಯ ವಿಳಾಸಕ್ಕೆ, ಅವರ ಹೆಸರಿಗೆ ಕಳಿಸು. ನಮ್ಮ ಮನೆಗೆ ಬರುವ ಪತ್ರಗಳನ್ನು ಅತ್ತೆ ಮೊದಲು ಒಡೆಯುತ್ತಾರೆ. ನಾನು ಬರೆದದ್ದನ್ನು ನಿನ್ನ ಭಾವ ಓದಿ ಅಂಟಿಸುತ್ತಾರೆ. ಮದುವೆಯಾದಾಗಿನಿಂದ ಹೀಗೆಯೇ. ಇದನ್ನು ನಿಮಗೆ ಯಾವತ್ತೂ ಹೇಳಲಿಲ್ಲ.

ನಿನ್ನ ಫೆಬ್ರವರಿಯ ಪತ್ರ ನನ್ನ ಕೈಗೆ ಸಿಕ್ಕಿದ್ದು ಮೊನ್ನೆ. ಅತ್ತೆಯ ಎಲೆಯಡಿಕೆ ಪೆಟ್ಟಿಗೆಯ ಅಡಿಯಲ್ಲಿ, ಮಾರ್ಚಿನದರ ಜೊತೆ ಮಡಿಸಿಟ್ಟಿತ್ತು. ನಾನು ಚಿಲಕ ಹಾಕಿಕೊಂಡಿರಲಿಲ್ಲ ಕಣೇ.

ಆ ಹೆಂಗಸು ನಾನೇ.

ಮೂರು ವರ್ಷದ ಹಿಂದೆ ನಾದಿನಿಯ ಮದುವೆ ಗೊತ್ತಾಯಿತು. "ಈ ಮನೆಗೆ ಬಂದ ಒಡವೆ ಈ ಮನೇದು" ಎಂದು ಹೇಳಿ ಅತ್ತೆ ಬೀರುವಿನಿಂದ ಮೂರನ್ನೂ ತೆಗೆದುಕೊಂಡರು. ನನ್ನನ್ನು ಕೇಳಲಿಲ್ಲ. ಕಾಸಿನ ಸರ, ವಂಕಿ ಬ್ಯಾಂಕಿನಲ್ಲಿವೆ ಎಂದು ಹೇಳಿಬಿಡಬಹುದಿತ್ತು. ಆದರೆ ಅಡ್ಡಿಗೆಯನ್ನು ಅಮ್ಮ ನೋಡಿದಾಗಲೆಲ್ಲ ಮುಟ್ಟಿ ನೋಡುತ್ತಾಳೆ. "ನಿಮ್ಮಮ್ಮನಿಗೆ ಗೊತ್ತಾಗದ ಹಾಗೆ ಒಂದು ನಕಲು ಮಾಡಿಸ್ಕೊಂಡು ಬಂದ್ಬಿಡು" ಎಂದು ಅಸಲಿಯನ್ನು ನಾಲ್ಕು ದಿನದ ಮಟ್ಟಿಗೆ ನನ್ನ ಕೈಗೆ ಕೊಟ್ಟರು ನಿನ್ನ ಭಾವ. ಅದೇ ದೀಪಾವಳಿಗೆ ನಾನು ಬಂದದ್ದು. ಗೆಳತಿಯ ಮನೆಗೆ ಹೋಗಿದ್ದೇನೆಂದು ನಿಮಗೆಲ್ಲ ಸುಳ್ಳು ಹೇಳಿ ಎರಡು ದಿನ ಆ ಪರದೆಯ ಹಿಂದೆ ಕೂತಿದ್ದೆ. ಆ ತಾಯಿ ಚಹಾ ಕೊಟ್ಟರು, ಒಂದು ಮಾತೂ ಕೇಳಲಿಲ್ಲ.

ಆಮೇಲೆ ಬಂದಾಗಲೆಲ್ಲ, ಈಗತಾನೇ ತೊಳೆಸಿದೆ, ಕತ್ತಿಗೆ ಗಂಧೆ ಎದ್ದಿದೆ, ಬಿಚ್ಚಲು ಆಗುವುದಿಲ್ಲ ಎಂದು ಏನೇನೋ ಹೇಳಿ ತಪ್ಪಿಸಿಕೊಂಡೆ. ಈಗ ಅಡ್ಡಿಗೆಯ ಹಿಂದೆ ತಾಮ್ರ ಇಣುಕುತ್ತಿದೆ. ಸೋದರತ್ತೆಯ ಬ್ರಷ್ಷಿನ ಕೆಳಗೆ ಅದು ಎರಡು ನಿಮಿಷ ನಿಲ್ಲುವುದಿಲ್ಲ. ನಿನಗೆ ಗಿಲೀಟು ಬೇಡ ಎಂದು ಬರೆದೆನಲ್ಲ, ಬರೆಯುವಾಗ ನನ್ನ ಕತ್ತಿನಲ್ಲಿ ಅದೇ ಇತ್ತು. ನಾಚಿಕೆಯಾಗುತ್ತದೆ.

ನಳಿನಿಯನ್ನು ಯಾರ ಜೊತೆಗಾದರೂ ಕಳಿಸುತ್ತೇನೆ. ನನಗೆ ಜ್ವರ ಎಂದು ಹೇಳು. ಅಮ್ಮ ಆ ತಟ್ಟೆಯ ಮುಂದೆ ಕೂತು ನನ್ನ ಮುಖ ನೋಡುವುದನ್ನು ನಾನು ತಾಳಲಾರೆ.

ಅನು


ಹಲಸೂರು
೨೪ ಏಪ್ರಿಲ್ ೧೯೬೫

ಅನು ಅಕ್ಕಾ,

ನನ್ನ ಪೆದ್ದುತನಕ್ಕೆ ನನಗೇ ಎರಡು ಬಾರಿಸಬೇಕು. ನಮ್ಮ ಮನೆಯಲ್ಲಿ ಒಬ್ಬರ ಕಾಗದ ಇನ್ನೊಬ್ಬರು ಮುಟ್ಟುವುದಿಲ್ಲ, ಹಾಗೆಯೇ ಎಲ್ಲ ಕಡೆಯೂ ಎಂದುಕೊಂಡಿದ್ದೆ. ಅಂಗಡಿಯ ಕಥೆಯನ್ನೆಲ್ಲ ನಿಮ್ಮ ಅತ್ತೆಯ ಕೈಗೇ ಬರೆದುಕೊಟ್ಟೆನಲ್ಲ! ನಿನ್ನನ್ನು ಏನಾದರೂ ಅಂದರೇ? ಬೇಡ, ಎದುರು ಸಿಕ್ಕಾಗ ಹೇಳು.

ಎದುರು ಸಿಗಲೇಬೇಕು. ಜ್ವರ ಎಂದು ನಾನು ಹೇಳುವುದಿಲ್ಲ. ನಿನ್ನ ಸುಳ್ಳುಗಳ ಕೋಟಾ ಮುಗಿದಿದೆ, ನನ್ನದನ್ನು ನಾನು ಶುರು ಮಾಡುವುದಿಲ್ಲ.

ನಾಚಿಕೆ ಎಂದೆಯಲ್ಲ, ಯಾರು ಯಾರು ನಾಚಿಕೆಪಡಬೇಕೆಂದು ನಾನು ಕೂತು ಒಂದು ಪಟ್ಟಿ ಮಾಡಿದೆ. ನಿಮ್ಮ ಅತ್ತೆ ಇದ್ದಾರೆ, ಭಾವ ಇದ್ದಾರೆ. ಮಗಳ ಕತ್ತು ನೋಡಿ ಮುಖ ನೋಡದಿದ್ದ ನಾವೂ ಇದ್ದೇವೆ. ಎಷ್ಟು ಹುಡುಕಿದರೂ ನಿನ್ನ ಹೆಸರಿಗೆ ಜಾಗ ಸಿಗಲಿಲ್ಲ.

ನಿನ್ನೆ ಮತ್ತೆ ಶಿವಾಜಿನಗರಕ್ಕೆ ಹೋಗಿದ್ದೆ. ನನ್ನ ಅಡ್ಡಿಗೆ ತಯಾರಾಗಿದೆ. ಅದೇ ಅಚ್ಚಿನಲ್ಲಿ ಮಾವಿನಕಾಯಿ ಕಡಿಮೆ ಮಾಡಿ ನಳಿನಿಗೂ ಒಂದು ಮಾಡಿಸಿದ್ದೇನೆ. ಆ ಓರೆ ಮಾವಿನಕಾಯಿ ಇರಲೇಬೇಕು ಎಂದು ಹಟ ಹಿಡಿದೆ. "ತಪ್ಪಿರೋದನ್ನೂ ಹಾಗೇ ಮಾಡ್ಬೇಕಾ?" ಎಂದು ಚಾಂದ್ ಪಾಷಾ ಕೇಳಿದರು. ಹಾಗೇ ಮಾಡಿ ಎಂದೆ. ಉಮ್ಮೆ ಕುಲ್ಸುಂ ಪರದೆಯಿಂದ ತಲೆ ಹೊರಗೆ ಹಾಕಿ ನನ್ನ ಮುಖವನ್ನೇ ನೋಡಿದರು. "ಆಕೆ ನಿನ್ನ ಅಕ್ಕಾನಾ?" ಎಂದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಾನೂ ಹೆಸರು ಹೇಳುವುದಿಲ್ಲ.

ಈಗ ಒಂದೇ ಅಚ್ಚಿನವು ಮೂರಾದವು. ಮಣೆಯ ಮೇಲೆ ಒಂದು, ಅದರ ಹಿಂದೆ ಕಳಸದ ಜೊತೆ ಒಂದು. ಮೂರನೆಯದು ಮಂಟಪದಲ್ಲಿ ನನ್ನ ಬಲಗಡೆ ಇರಬೇಕು.

ತಟ್ಟೆಯ ವಿಷಯ ನಿನ್ನ ಇಷ್ಟ. ಮುಚ್ಚಿಡೋಣ ಎಂದರೆ ಹೇಳು, ಅಂಟುವಾಳದ ಕಾಯಿಯನ್ನು ಹಿತ್ತಿಲಲ್ಲಿ ಹೂತು ಇಲಿ ಹೊತ್ತುಕೊಂಡು ಹೋಯಿತು ಎನ್ನುತ್ತೇನೆ. (ಇದೊಂದು ಸುಳ್ಳು ಲೆಕ್ಕಕ್ಕಿಲ್ಲ.) ತೆರೆದಿಡೋಣ ಎಂದರೆ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ. ಬಾ ಅಷ್ಟೇ. ನೀನಿಲ್ಲದೆ ಮಣೆ ಹತ್ತುವುದಿಲ್ಲ ಎಂದದ್ದು ಜನವರಿಯಲ್ಲಿ. ಈಗಲೂ ಅದೇ ಮಾತು.

ವೇದೂ


ದಾವಣಗೆರೆ
೩ ಮೇ ೧೯೬೫
(ಕಾರ್ಡು)

ಚಿ. ವೇದಾಗೆ ಆಶೀರ್ವಾದಗಳು. ಏಳನೇ ತಾರೀಖು ನಾವೆಲ್ಲರೂ ಹೊರಡುತ್ತೇವೆ. ಅತ್ತೆಯವರೂ ಬರುತ್ತಾರೆ. ನಳಿನಿಗೆ ಲಂಗ ಹೊಲಿಸಿದೆ. ಅಂಟುವಾಳದ ಕಾಯಿ ಇಲಿ ಪಾಲಾಗದಂತೆ ನೋಡಿಕೋ.

ಅನಸೂಯ


ದೂರವಾಣಿನಗರ, ಕೃಷ್ಣರಾಜಪುರ
೬ ಜೂನ್ ೧೯೬೫

ಅನು ಅಕ್ಕಾ,

ಹೊಸ ವಿಳಾಸ ನೋಡಿಕೊಂಡೆಯಾ? ಮನೆ ಪುಟ್ಟದು. ರೈಲು ಹೋದಾಗ ಪಾತ್ರೆಗಳು ಮಾತಾಡುತ್ತವೆ.

ನನ್ನ ಅತ್ತೆಗೆ ಆ ಶನಿವಾರದ ಕಥೆಯನ್ನು ಇದುವರೆಗೆ ನಾಲ್ಕು ಸಲ ಹೇಳಿದ್ದೇನೆ. ಪ್ರತಿ ಸಲವೂ ಮೊದಲಿನಿಂದ ಹೇಳಬೇಕು. ಸೋದರತ್ತೆ ಬ್ರಷ್ ಹಿಡಿದು ಕೂತದ್ದು, ನಿಮ್ಮ ಅತ್ತೆ ಗೋಡೆಗೆ ಒರಗಿ, "ನಮ್ ಸೊಸೇದು ಎಲ್ಲಾ ಗಟ್ಟಿ ಚಿನ್ನ, ತೊಳ್ಯೋದೇ ಬೇಡ" ಎಂದದ್ದು. ಆಗ ನೀನು ಕತ್ತಿನ ಹಿಂದಕ್ಕೆ ಕೈ ಹಾಕಿದೆ. ನೀನು ಬ್ರಷ್ ಕಿತ್ತುಕೊಂಡು, ಅಂಟುವಾಳ ಸಾಲದೆಂದು ರಂಗೋಲಿ ಪುಡಿ ತರಿಸಿ, ಎಲ್ಲರ ಮುಂದೆ ಉಜ್ಜತೊಡಗಿದೆ. ಹಿಂದೆ, ಮುಂದೆ, ಪ್ರತಿ ಮಾವಿನಕಾಯಿಯನ್ನೂ. ತಾಮ್ರ ಕೆಂಪಗೆ ಹೊಳೆಯುವ ತನಕ.

"ನಂದು ಇದು. ಚಿನ್ನದ್ದು ರಾಣೆಬೆನ್ನೂರಲ್ಲಿ ನಮ್ ನಾದಿನಿ ಕತ್ತಲ್ಲಿದೆ. ಹ್ಯಾಗೆ ಹೋಯ್ತು ಅಂತ ಇವ್ರನ್ನೇ ಕೇಳಿ" ಎಂದೆಯಲ್ಲ, ಇಲ್ಲಿಗೆ ಬಂದಾಗ ನನ್ನ ಅತ್ತೆ ತಪ್ಪದೆ ಕೈ ತಟ್ಟುತ್ತಾರೆ. ಅವರ ಮರ್ಯಾದೆಯ ಮಾತಿನಿಂದ ಇದೆಲ್ಲ ಶುರುವಾದದ್ದು ಎಂದು ನಾನು ಅವರಿಗೆ ಇನ್ನೂ ಹೇಳಿಲ್ಲ. ಒಂದು ದಿನ ಹೇಳುತ್ತೇನೆ.

ಅಮ್ಮ ನಿನ್ನ ಮುಖ ನೋಡುವುದನ್ನು ತಾಳಲಾರೆ ಎಂದಿದ್ದೆ. ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನಿನ್ನ ಕತ್ತು ಮುಟ್ಟಿದಳು. ಬರೀ ಕತ್ತು. ಅದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ.

ಚಾಂದ್ ಪಾಷಾಗೆ ವಿಷಯ ತಲುಪಿದೆ. ಅಡ್ಡಿಗೆ ಕಳಿಸಿದರೆ ಹೊಸ ತಗಡು ಹೊದಿಸಿ ಕೊಡುತ್ತಾರಂತೆ, ಕಾಸು ಬೇಡವಂತೆ. "ಹಿಂದ್ಗಡೆ ದಪ್ಪ ಹಾಕ್ಬೇಕಿತ್ತು, ಆವಾಗ್ಲೇ ನಾನು ಹೇಳ್ಬೇಕಿತ್ತು" ಎಂದು ಉಮ್ಮೆ ಕುಲ್ಸುಂ ಪೇಚಾಡಿಕೊಂಡರು. ಪಾರ್ಸೆಲ್ ಮಾಡು, ನಾನೇ ತೆಗೆದುಕೊಂಡು ಹೋಗುತ್ತೇನೆ.

ಅಲ್ಲಿ ಹೇಗಿದೆ? ನಿನ್ನನ್ನು ಆ ಮನೆಗೆ ರೈಲು ಹತ್ತಿಸಿ ಕಳಿಸಿದ್ದು ನೆನೆದರೆ ನನಗೆ ಊಟ ಸೇರುವುದಿಲ್ಲ.

ವೇದೂ


ದಾವಣಗೆರೆ
೧೧ ಜುಲೈ ೧೯೬೫
(ಎರಡು ಕಾರ್ಡುಗಳಲ್ಲಿ)

ವೇದೂ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಓದುವವರು ಓದಿಕೊಳ್ಳಲಿ, ಒಡೆಯುವ ಶ್ರಮ ತಪ್ಪುತ್ತದೆ. ಬರೆದು ಮುಗಿಸಿ ನಾನೇ ಅಂಚೆ ಡಬ್ಬದ ತನಕ ನಡೆದುಹೋಗಿ ಹಾಕುತ್ತೇನೆ.

ಬಂದ ಮೇಲೆ ಎರಡು ತಿಂಗಳು ಅತ್ತೆ ಮಾತು ಬಿಟ್ಟಿದ್ದರು. ನಿನ್ನ ಭಾವ, "ಅಷ್ಟು ಜನರ ಮುಂದೆ ಮಾಡ್ಬೇಕಿತ್ತಾ?" ಎಂದರು. "ಒಬ್ಬಳೇ ಇದ್ದಾಗ ಮೂರು ವರ್ಷ ಹಾಕ್ಕೊಂಡಿದ್ದೆನಲ್ಲ, ಆವಾಗ ಯಾರು ಕೇಳಿದ್ರಿ?" ಎಂದೆ. ನಿನಗೆ ಹೆದರಿಕೆ ಬೇಡ, ಊಟ ಮಾಡು.

ಅಡ್ಡಿಗೆಯನ್ನು ಪಾರ್ಸೆಲ್ ಮಾಡುವುದಿಲ್ಲ. ಆ ತಾಯಿಗೆ ನನ್ನ ನಮಸ್ಕಾರ ಹೇಳು, ತಗಡು ಬೇಡ ಎಂದು ಹೇಳು. ತಾಮ್ರ ಹೀಗೆಯೇ ಇರಲಿ. ನಾನು ಅದನ್ನು ದಿನವೂ ಹಾಕಿಕೊಳ್ಳುತ್ತೇನೆ. ತರಕಾರಿಗೆ ಹೋದಾಗ, ದೇವಸ್ಥಾನಕ್ಕೆ ಹೋದಾಗ, ಅತ್ತೆಯ ಗೆಳತಿಯರು ಅರಿಶಿನ ಕುಂಕುಮಕ್ಕೆ ಬಂದಾಗ. ಮೊನ್ನೆ ನಾದಿನಿಯ ಬೀಗರೇ ಬಂದಿದ್ದರು. ಅತ್ತೆ ಅಡಿಗೆಮನೆಗೆ ಬಂದು ಪಿಸುಗುಟ್ಟಿದರು. ಎರಡು ತಿಂಗಳ ಮೌನವನ್ನು ಅವರು ಮುರಿದದ್ದು ಹೀಗೆ.

"ಅವ್ರು ಹೋಗೋ ತನ್ಕ ಅದನ್ನ ತೆಗ್ದಿಡೇ."

"ಅದು ಬಂದ ದಿನ ಇದನ್ನ ತೆಗೀತೀನಿ ಅತ್ತೆ" ಎಂದೆ. ಕಾಫಿಯ ತಟ್ಟೆ ಹಿಡಿದು ಬೀಗರ ಮುಂದೆ ಹೋಗಿ ಬಗ್ಗಿದೆ. ಚೆನ್ನಾಗಿ ಕಾಣುವಷ್ಟು ಬಗ್ಗಿದೆ.

ನಿನ್ನೆ ಅತ್ತೆ ರಾಣೆಬೆನ್ನೂರಿಗೆ ಕಾಗದ ಬರೆದಿದ್ದಾರೆ. ಏನು ಬರೆದರೆಂದು ಗೊತ್ತಿಲ್ಲ. ಅವರ ಕಾಗದವನ್ನು ನಾನು ಒಡೆದು ನೋಡುವುದಿಲ್ಲ.

ನಳಿನಿ ತನ್ನ ಅಡ್ಡಿಗೆಯನ್ನು ಶಾಲೆಗೂ ಹಾಕಿಕೊಂಡು ಹೋಗುತ್ತೇನೆ ಎಂದು ಕೂತಿದ್ದಾಳೆ. ಯಾರಾದರೂ ಚಿನ್ನವೇ ಎಂದು ಕೇಳಿದರೆ ಏನು ಹೇಳುತ್ತೀಯಾ ಎಂದೆ. "ರೋಲ್ಡ್‌ಗೋಲ್ಡು, ಶಿವಾಜಿನಗರದ್ದು, ನಮ್ ಮೂರೂ ಜನದ್ದೂ ಒಂದೇ" ಎಂದಳು.

ಹೋಗಿ ಬಾ ಎಂದೆ.

ಅನು